ಮತ್ತೆ ಕೇಳಿದರೂ ತೆರೆಯಬೇಡಿ

ಕೆಲವು ವರ್ಷಗಳ ಹಿಂದೆ ನಾನು ಒಂದು ಮೊಬೈಲ್ ಆಟದ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಆಟ ತಯಾರಿಸುವ ಗುಂಪಿನಲ್ಲಲ್ಲ, ಆಡುವವರ ಲೆಕ್ಕ ಇಡುವ ಗುಂಪಿನಲ್ಲಿ. ಯಾರು ಎಷ್ಟು ಹೊತ್ತು ಆಡಿದರು, ಯಾವ ಹಂತದಲ್ಲಿ ಬೇಸತ್ತು ಬಿಟ್ಟು ಹೋದರು, ದುಡ್ಡು ಕೊಟ್ಟು ಎಷ್ಟು ಸಲ ನಾಣ್ಯ ಕೊಂಡರು ಎಂಬುದನ್ನೆಲ್ಲ ಸೋಸಿ, ಬೆಳಿಗ್ಗೆ ಹತ್ತರೊಳಗೆ ಒಂದು ಪಟ್ಟಿ ಮಾಡಿ ಕಳಿಸಬೇಕಿತ್ತು. ಗ್ರಾಹಕರ ದೂರುಗಳೂ ಆಗಾಗ ನನ್ನ ಕಡೆ ಬರುತ್ತಿದ್ದವು, ಏಕೆಂದರೆ ದೂರು ಕೊಟ್ಟವರ ಖಾತೆಯ ಚರಿತ್ರೆಯನ್ನು ನಾನೇ ತೆಗೆದುಕೊಡಬೇಕಿತ್ತು.

ಒಂದು ಮಧ್ಯಾಹ್ನ ಬಂದ ಸಂದೇಶ ಹೀಗಿತ್ತು: "ದಯವಿಟ್ಟು ನನ್ನ ಖಾತೆ ಮುಚ್ಚಿ. ನಾನೇ ಮತ್ತೆ ಕೇಳಿದರೂ ತೆರೆಯಬೇಡಿ."

ಅಷ್ಟೇ. ಕಾರಣ ಬರೆದಿರಲಿಲ್ಲ. ಚರಿತ್ರೆ ತೆಗೆದು ನೋಡಿದೆ. ಹೆಸರಿರಲಿಲ್ಲ, ಒಂದು ಸಂಖ್ಯೆ ಮಾತ್ರ. ಮೊದಲ ಎರಡು ತಿಂಗಳು ಎಲ್ಲರಂತೆಯೇ: ಸಂಜೆ ಹೊತ್ತು ಅರ್ಧ ಗಂಟೆ ಆಟ, ಅಪರೂಪಕ್ಕೊಂದು ಖರೀದಿ. ಮೂರನೆಯ ತಿಂಗಳಿಂದ ಸಮಯ ಜಾರುತ್ತ ಹೋಗಿತ್ತು. ರಾತ್ರಿ ಹನ್ನೊಂದು, ಹನ್ನೆರಡೂವರೆ, ಎರಡು. ದೊಡ್ಡ ಮೊತ್ತದ ಖರೀದಿ ಒಂದೂ ಇಲ್ಲ. ಎಲ್ಲವೂ ಚಿಲ್ಲರೆ. ಆದರೆ ಒಂದರ ಹಿಂದೊಂದು, ನಾಲ್ಕು ನಿಮಿಷ, ಮೂರು ನಿಮಿಷ, ಮತ್ತೆ ಮೂರು ನಿಮಿಷದ ಅಂತರದಲ್ಲಿ. ಇದೇ ಕೊನೆಯದು, ಇನ್ನೊಂದೇ ಒಂದು ಎಂದು ತನಗೆ ತಾನೇ ಹೇಳಿಕೊಂಡು ಕೊಂಡ ಹಾಗೆ. ಸಂದೇಶ ಬಂದ ದಿನದ ಕೊನೆಯ ಖರೀದಿ ನಸುಕಿನ 3 ಗಂಟೆ 40 ನಿಮಿಷದ್ದು.

ಖಾತೆ ಮುಚ್ಚಿದೆವು. ಹನ್ನೊಂದನೆಯ ರಾತ್ರಿ ಅದೇ ವಿಳಾಸದಿಂದ ಮತ್ತೊಂದು ಸಂದೇಶ: "ತಪ್ಪಿ ಮುಚ್ಚಿಸಿದ್ದೆ. ತೆರೆಯಿರಿ." ಅರ್ಧ ಗಂಟೆಯ ಬಳಿಕ: "ಯಾರಾದರೂ ಇದ್ದೀರಾ?" ಹತ್ತು ನಿಮಿಷ ಕಳೆದು: "ಖಾತೆ ನನ್ನದು, ದುಡ್ಡೂ ನನ್ನದು. ನಿಮಗೇನು?"

ಆ ಮೂರನೆಯ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಪೂರ್ತಿ ಉತ್ತರ ಈಗಲೂ ಇಲ್ಲ. ಇದ್ದಿದ್ದರೆ ಇಷ್ಟುದ್ದ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಸ್ವಭಾವದಿಂದ ನಾನು "ನಿಮಗೇನು" ಎನ್ನುವವರ ಪಕ್ಷ. ಮಾರುವವರು ನನಗೆ ಬುದ್ಧಿ ಹೇಳಿದರೆ ಮೈ ಉರಿಯುತ್ತದೆ. ಒಮ್ಮೆ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತು ಮುಂಗಡ ಕಟ್ಟಲು ಹೊರಟಾಗ, ಮಾಮೂಲಿಗಿಂತ ದೊಡ್ಡ ಮೊತ್ತವೆಂದು ನನ್ನ ಬ್ಯಾಂಕು ಹಣ ತಡೆಹಿಡಿಯಿತು. "ನಿಮ್ಮ ಸುರಕ್ಷತೆಗಾಗಿ" ಎಂಬ ಸಂದೇಶ ಬಂತು. ಹಿಂದೆ ಸಾಲು ಬೆಳೆಯುತ್ತಿತ್ತು, ಒಳಗೆ ನನ್ನವರು ಮಲಗಿದ್ದರು. ಆ ನಲವತ್ತು ನಿಮಿಷಗಳಲ್ಲಿ "ಸುರಕ್ಷತೆ" ಎಂಬ ಪದದ ಮೇಲೆ ಹುಟ್ಟಿದ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ನನ್ನ ಒಳಿತು ಯಾವುದೆಂದು ನನಗಿಂತ ಚೆನ್ನಾಗಿ ಬಲ್ಲೆವೆಂದು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಅವರು ಏನನ್ನಾದರೂ ಮಾರುವವರಾಗಿದ್ದರೆ ಅನುಮಾನ ಇಮ್ಮಡಿ.

ಮತ್ತೆ, ಯಾವುದು ಹಾನಿ ಎಂದು ನಿರ್ಧರಿಸುವವರು ಯಾರು? ರಾತ್ರಿ ಎರಡರವರೆಗೆ ಆಡುವ ಒಬ್ಬರು ಮನೆ ಮುಳುಗಿಸಿಕೊಳ್ಳುತ್ತಿರಬಹುದು. ಇನ್ನೊಬ್ಬರು ಕಾಯಿಲೆಯವರ ಪಕ್ಕದಲ್ಲಿ ಎಚ್ಚರವಿರಬೇಕಾಗಿ ಹೊತ್ತು ಕಳೆಯುತ್ತಿರಬಹುದು. ನನ್ನ ಕೋಷ್ಟಕದಲ್ಲಿ ಇಬ್ಬರೂ ಒಂದೇ ಥರದ ಸಾಲುಗಳು. ನಿಮಿಷ ಮತ್ತು ಮೊತ್ತ ಬಿಟ್ಟರೆ ಕಂಪನಿಗೆ ಕಾಣುವುದು ಬೇರೇನೂ ಇಲ್ಲ. ಇಷ್ಟರ ಮೇಲೆ ಒಬ್ಬರಿಗೆ "ಸಾಕು, ಮಲಗಿ" ಎನ್ನುವುದು ಅಧಿಕಪ್ರಸಂಗವೇ.

ಈ ವಾದ ನನಗೆ ಬಹಳ ಹಿಡಿಸುತ್ತಿತ್ತು. ಅದನ್ನು ಕೆಡಿಸಿದ್ದು ನಾನೇ ದಿನಾ ಮಾಡುತ್ತಿದ್ದ ಆ ಪಟ್ಟಿ.

ಆ ಉದ್ಯಮದಲ್ಲಿ ಹೆಚ್ಚು ದುಡ್ಡು ಸುರಿಯುವವರಿಗೆ "ವೇಲ್" ಎನ್ನುತ್ತಾರೆ, ಅಂದರೆ ತಿಮಿಂಗಿಲ. ಕ್ಯಾಸಿನೊಗಳಿಂದ ಬಂದ ಮಾತು. ಅವರಿಗಿಂತ ಕೆಳಗಿನವರು ಡಾಲ್ಫಿನ್‌ಗಳು, ಚಿಕ್ಕಾಸು ಕೊಡುವವರು ಸಣ್ಣ ಮೀನುಗಳು. ಮೀಟಿಂಗುಗಳಲ್ಲಿ ಇಡೀ ಸಮುದ್ರವೇ ಇರುತ್ತಿತ್ತು. ಬಲೆಯ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ನನ್ನ ಬೆಳಗಿನ ಪಟ್ಟಿಯಲ್ಲಿ ತಿಮಿಂಗಿಲಗಳಿಗೆ ಪ್ರತ್ಯೇಕ ಹಾಳೆ. ಮೂರು ದಿನ ಕಾಣಿಸಿಕೊಳ್ಳದವರ ಸಂಖ್ಯೆಯ ಪಕ್ಕ ಕೆಂಪು ಬಾಣ ಬೀಳುತ್ತಿತ್ತು. ಕೆಂಪು ಬಾಣ ಬಿದ್ದವರಿಗೆ ಅವರು ಸಾಮಾನ್ಯವಾಗಿ ಆಡುತ್ತಿದ್ದ ಹೊತ್ತು ನೋಡಿಕೊಂಡು, ಅದಕ್ಕೆ ಹತ್ತು ನಿಮಿಷ ಮುಂಚೆ, "ನಿಮಗಾಗಿ ಉಡುಗೊರೆ ಕಾದಿದೆ" ಎಂಬ ನೋಟಿಫಿಕೇಶನ್ ಹೋಗುತ್ತಿತ್ತು. ಬಂದರೆ ಬಾಣ ಹಸಿರಾಗುತ್ತಿತ್ತು.

ಒಬ್ಬರು ಯಾವ ಗಂಟೆಯಲ್ಲಿ ಸೋಲುತ್ತಾರೆ ಎಂಬುದು ಇಷ್ಟು ಖಚಿತವಾಗಿ ಗೊತ್ತಿದ್ದೂ "ಅವರ ಅಭ್ಯಾಸ ಅವರಿಗೆ ಬಿಟ್ಟದ್ದು, ನಾವು ಬರೀ ಅಂಗಡಿ ತೆರೆದು ಕೂತವರು" ಎನ್ನಲು ಬಾಯಿ ಬರಬಾರದು. ಹಾಸಿಗೆಯ ಪಕ್ಕದವರೆಗೆ ಹೋಗಿ ಕೂತಾಗಿದೆ. ಎಬ್ಬಿಸುವುದಕ್ಕಾದರೆ ಸಲುಗೆ, ಮಲಗಿಸುವುದಕ್ಕಾದರೆ ಸಂಕೋಚ, ಇದು ಯಾವ ನ್ಯಾಯ?

ಧರ್ಮರಾಯನ ಜೂಜಿನ ಕಥೆ ಬಂದಾಗಲೆಲ್ಲ ನಾವು ಧರ್ಮರಾಯನ ಚಪಲದ ಬಗ್ಗೆ, ಶಕುನಿಯ ದಾಳದ ಬಗ್ಗೆ ಮಾತಾಡುತ್ತೇವೆ. ಸಭೆ ಕಟ್ಟಿಸಿದವನ ಬಗ್ಗೆ ಅಷ್ಟಾಗಿ ಮಾತಿಲ್ಲ. ಆಟಕ್ಕೆಂದೇ ಸಭಾಭವನ ಕಟ್ಟಿಸಿದವನು ಧೃತರಾಷ್ಟ್ರ. ಇದು ಬೇಡ ಎಂದ ವಿದುರನನ್ನೇ ಕರೆಯಲು ಕಳಿಸಿದವನೂ ಅವನೇ. ಪಣ ಏರುತ್ತ ಹೋದ ಹಾಗೆ "ಗೆದ್ದೆವೇ? ಗೆದ್ದೆವೇ?" ಎಂದು ಕೇಳುತ್ತ ಕೂತಿದ್ದ. ಕೊನೆಗೆ ಕೇಡಿನ ಶಕುನಗಳಿಗೆ ಬೆದರಿ ಸೋತದ್ದನ್ನೆಲ್ಲ ಹಿಂದಿರುಗಿಸಿದ. ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಪಾಂಡವರು ಇನ್ನೂ ದಾರಿಯಲ್ಲಿರುವಾಗಲೇ ಎರಡನೆಯ ಕರೆ ಹೋಯಿತು. ಕರೆದರೆ ಧರ್ಮರಾಯ ಬಾರದೆ ಇರಲಾರ ಎಂಬುದು ಕರೆದವರಿಗೆ ಚೆನ್ನಾಗಿ ಗೊತ್ತಿತ್ತು. ಆ ಎರಡನೆಯ ಕರೆಯನ್ನು ನಾನು ನೂರಾರು ಸಲ ಕಳಿಸಿದ್ದೇನೆ, ಉಡುಗೊರೆ ಡಬ್ಬಿಯ ಚಿತ್ರ ಅಂಟಿಸಿ.

ಸೋಲುವವರು ಬೆರಳೆಣಿಕೆಯಷ್ಟು ಮಂದಿ, ಉಳಿದವರಿಗೆ ಇದೆಲ್ಲ ಬರೀ ವಿನೋದ ಎನ್ನುವವರಿದ್ದಾರೆ. ತಲೆ ಎಣಿಸಿದರೆ ಆ ಮಾತು ನಿಜ. ದುಡ್ಡು ಎಣಿಸಿದರೆ ಚಿತ್ರ ಬೇರೆ. ಆಸ್ಟ್ರೇಲಿಯಾದ ಪ್ರೊಡಕ್ಟಿವಿಟಿ ಕಮಿಷನ್ 2010ರಲ್ಲಿ ಕೊಟ್ಟ ವರದಿಯ ಪ್ರಕಾರ, ಆ ದೇಶದ ಜೂಜು ಯಂತ್ರಗಳಿಗೆ ಬೀಳುವ ಹಣದಲ್ಲಿ ಸುಮಾರು 40 ಶೇಕಡಾ ಜೂಜಿನ ಚಟದಿಂದ ತೊಂದರೆಗೊಳಗಾದವರದು. ಹೀಗಿರುವಾಗ ಗ್ರಾಹಕರನ್ನು ಕಾಪಾಡಿ ಎಂದು ಆ ವ್ಯಾಪಾರಕ್ಕೆ ಹೇಳಿದರೆ, ಕೂತ ಕೊಂಬೆಯನ್ನು ಕಡಿ ಎಂದಂತೆ ಕೇಳಿಸುತ್ತದೆ. ಅವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಅರ್ಥವಾಗುತ್ತದೆ ಎಂದ ಮಾತ್ರಕ್ಕೆ ಒಪ್ಪಿದೆ ಎಂದಲ್ಲ.

ಮಕ್ಕಳ ವಿಷಯವನ್ನು ಇಲ್ಲಿ ಎಳೆಯುವುದಿಲ್ಲ. ಅಲ್ಲಿ ದೊಡ್ಡವರು ಅಡ್ಡ ನಿಲ್ಲಬೇಕೆಂಬುದರಲ್ಲಿ ಹೆಚ್ಚಿನ ಜಗಳವಿಲ್ಲ. ನನ್ನನ್ನು ಕಾಡುವುದು ಲೆಕ್ಕ ಬಲ್ಲ, ಸಂಬಳ ತರುವ, ಇನ್ನೊಬ್ಬರಿಗೆ ಬುದ್ಧಿ ಹೇಳಬಲ್ಲ ವಯಸ್ಕರು. ಮಧ್ಯಾಹ್ನ ಒಂದು ಹೇಳಿ, ಹನ್ನೊಂದನೆಯ ರಾತ್ರಿ ಅದಕ್ಕೆ ತದ್ವಿರುದ್ಧವಾದುದನ್ನು ಹೇಳುವವರು. ಗ್ರಾಹಕರ ಮಾತೇ ಕೊನೆಯ ಮಾತು ಎನ್ನುವುದಾದರೆ ಇವರ ಯಾವ ಮಾತನ್ನು ಕೊನೆಯದೆಂದು ಹಿಡಿಯಬೇಕು?

ಆಮೇಲೆ ಬಂದದ್ದು ಕೊನೆಯದು ಎಂಬುದು ಕ್ಯಾಲೆಂಡರಿನ ಉತ್ತರ. ಆದರೆ ಮೊದಲ ಸಂದೇಶವನ್ನು ಮತ್ತೊಮ್ಮೆ ಓದಿ. "ನಾನೇ ಮತ್ತೆ ಕೇಳಿದರೂ." ಬರೆದವರಿಗೆ ಎರಡನೆಯ ಸಂದೇಶ ಬರುತ್ತದೆಂದು ಮೊದಲೇ ಗೊತ್ತಿತ್ತು. ಅದಕ್ಕೆ ಏನು ಮಾಡಬೇಕೆಂಬ ಸೂಚನೆಯನ್ನೂ ಮುಂಚಿತವಾಗಿ ಕೊಟ್ಟಿದ್ದರು. ಅದನ್ನು ಪಾಲಿಸುವುದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ. ನಿಮ್ಮ ಒಳಿತು ನನಗೆ ಗೊತ್ತು ಎಂದು ನಾನು ಹೇಳಬೇಕಾಗಿಯೇ ಇಲ್ಲ. ಬೆಳಗಿನ ಜಾವದ ಗಾಡಿಗೆ ಎಬ್ಬಿಸು, ಬೈದರೂ ಬಿಡಬೇಡ ಎಂದು ಹೇಳಿ ಮಲಗಿದವರನ್ನು ಬೈಸಿಕೊಂಡೇ ಎಬ್ಬಿಸುತ್ತೇವಲ್ಲ, ಅಷ್ಟೇ ಇದು.

ಬ್ರಿಟನ್ನಿನಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ, ಗ್ಯಾಮ್‌ಸ್ಟಾಪ್ ಎಂದು ಹೆಸರು. ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷಕ್ಕೆ ಹೆಸರು ಬರೆಸಿದರೆ ಆ ಅವಧಿ ಮುಗಿಯುವವರೆಗೆ ಪರವಾನಗಿ ಇರುವ ಯಾವ ಆನ್‌ಲೈನ್ ಜೂಜು ಕಂಪನಿಯೂ ನಿಮ್ಮನ್ನು ಒಳಗೆ ಬಿಡುವಂತಿಲ್ಲ. ನಡುವೆ ಮನಸ್ಸು ಬದಲಾಯಿತೆಂದು ಬಾಗಿಲು ತಟ್ಟಿದರೆ ತೆರೆಯುವುದಿಲ್ಲ. 2020ರ ಮಾರ್ಚ್ ಕೊನೆಯಿಂದ ಎಲ್ಲ ಕಂಪನಿಗಳೂ ಇದಕ್ಕೆ ಸೇರುವುದು ಕಡ್ಡಾಯವಾಯಿತು. ಅದೇ ದೇಶದ ಮೊಂಜೊ ಬ್ಯಾಂಕು 2018ರಲ್ಲಿ ತನ್ನ ಆ್ಯಪಿನಲ್ಲಿ ಒಂದು ಗುಂಡಿ ಇಟ್ಟಿತು. ಒತ್ತಿದರೆ ಜೂಜಿನ ಪಾವತಿಗಳು ನಿಲ್ಲುತ್ತವೆ. ತೆಗೆಯಬೇಕೆಂದರೆ ಕೇಳಿದ ಮೇಲೆ 48 ಗಂಟೆ ಕಾಯಬೇಕು. ನಿಷೇಧವೇನೂ ಅಲ್ಲ, ನಡುವೆ ಎರಡು ರಾತ್ರಿಗಳ ಅಂತರ. ಸೋತದ್ದನ್ನು ಈಗಲೇ ಗೆದ್ದು ತುಂಬಿಕೊಳ್ಳುತ್ತೇನೆಂಬ ಆವೇಶಕ್ಕೆ ಅಷ್ಟು ದೀರ್ಘ ಆಯುಸ್ಸು ಇರುವುದಿಲ್ಲ.

ಸಣ್ಣ ಅಡೆತಡೆಯ ಬಗ್ಗೆ ನನಗಿದ್ದ ಅಸಡ್ಡೆ ಹೋದದ್ದು ಇನ್ನೊಂದು ಸಂಗತಿಯಿಂದ. ಬ್ರಿಟನ್ 1998ರಲ್ಲಿ ಪ್ಯಾರಾಸಿಟಮಾಲ್ ಪೊಟ್ಟಣಗಳ ಗಾತ್ರಕ್ಕೆ ಮಿತಿ ಹಾಕಿತು. ಮಾತ್ರೆ ಮೊದಲಿನಂತೆಯೇ ಎಲ್ಲೆಡೆ ಸಿಗುತ್ತಿತ್ತು, ಪೊಟ್ಟಣ ಮಾತ್ರ ಚಿಕ್ಕದಾಯಿತು. ತಲೆನೋವಿನವರಿಗೆ ಗೊತ್ತಾಗುವಷ್ಟು ತೊಂದರೆಯೂ ಅದರಿಂದ ಆಗಲಿಲ್ಲ. ಮುಂದಿನ ಹನ್ನೊಂದು ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಮಾತ್ರೆಯ ಅತಿಸೇವನೆಯಿಂದ ಆದ ಸಾವುಗಳು, ಹಿಂದಿನ ಗತಿಯಲ್ಲಿ ಆಗಬಹುದಾಗಿದ್ದಕ್ಕಿಂತ ಸುಮಾರು 43 ಶೇಕಡಾ ಕಡಿಮೆ ಎಂದು 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ನಿಜವಾಗಿ ನಿರ್ಧರಿಸಿದವರನ್ನು ಚಿಕ್ಕ ಪೊಟ್ಟಣ ತಡೆದೀತೇ ಎಂದು ಕೇಳುವವರ ಸಾಲಿನಲ್ಲಿ ನಾನೂ ಇದ್ದೆ. ಅಷ್ಟು ಜನ ಬದುಕುಳಿದದ್ದನ್ನು ನೋಡಿದರೆ, ನಾವು ನಿರ್ಧಾರ ಎಂದು ಕರೆಯುವುದು ಎಷ್ಟೋ ಸಲ ಕೈಗೆ ಎಟುಕಿದ್ದರ ಇನ್ನೊಂದು ಹೆಸರೇನೋ ಅನ್ನಿಸುತ್ತದೆ.

ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋದರೆ ನನಗೆ ಕಾಲು ನಡುಗುತ್ತದೆ. ಸಿಂಗಪುರದ ಕ್ಯಾಸಿನೊಗಳಿಂದ ಒಬ್ಬರನ್ನು ದೂರವಿಡಿ ಎಂದು ಅವರ ಮನೆಯವರೇ ಅರ್ಜಿ ಕೊಡಬಹುದು. ದಿವಾಳಿಯಾದವರಿಗೆ, ಸರ್ಕಾರದ ನೆರವಿನಲ್ಲಿ ಬದುಕುವವರಿಗೆ ಕಾನೂನೇ ಬಾಗಿಲು ಮುಚ್ಚಿರುತ್ತದೆ. ಜೂಜಿನಲ್ಲಿ ಮನೆ ಕಳೆದುಕೊಂಡವರ ಹೆಂಡತಿಯೋ ಗಂಡನೋ ಆಗಿದ್ದರೆ ನಾನು ಆ ಅರ್ಜಿಗೆ ಎರಡೂ ಕೈಗಳಿಂದ ಸಹಿ ಹಾಕುತ್ತಿದ್ದೆ. ಆದರೂ ಬಡವರ ಚಪಲವನ್ನು ರೋಗವೆಂದೂ ಉಳ್ಳವರ ಚಪಲವನ್ನು ಮನರಂಜನೆಯೆಂದೂ ಬೇರೆ ಮಾಡುವ ಗೆರೆ ಕಂಡಾಗ ಮನಸ್ಸು ಒಪ್ಪುವುದಿಲ್ಲ. ತಾವೇ ಕೇಳಿ ಮುಚ್ಚಿಸಿದ ಬಾಗಿಲು ಬೇರೆ, ಇನ್ನೊಬ್ಬರು ಮುಚ್ಚಿಸಿದ ಬಾಗಿಲು ಬೇರೆ. ಎರಡನೆಯದು ಸರ್ಕಾರ, ನ್ಯಾಯಾಲಯ, ಸಂಸಾರಗಳಿಗೆ ಬಿಟ್ಟ ವಿಷಯ. ಮಾರುವವರ ಕೈಗೆ ಅದನ್ನು ಕೊಡಬಾರದೆಂದೇ ನನ್ನ ಎಣಿಕೆ. ಇವತ್ತು ನನ್ನನ್ನು ಕಾಪಾಡಲೆಂದು ಕೂಡಿಟ್ಟ ಮಾಹಿತಿ ನಾಳೆ ನನ್ನ ಸಾಲದ ಅರ್ಜಿಯನ್ನು ತೂಗುವ ಕಲ್ಲಾಗಲು ಎಷ್ಟು ಹೊತ್ತು ಬೇಕು?

ಇನ್ನು ಕಾಪಾಡುವ ನಾಟಕಗಳ ಬಗ್ಗೆ. ಹೆಚ್ಚು ಹೇಳುವುದಿಲ್ಲ, ಎಲ್ಲರೂ ಕಂಡವೇ. ಜಾಹೀರಾತಿನ ಕೊನೆಯ ಅರೆ ಸೆಕೆಂಡಿನಲ್ಲಿ ಉಸಿರು ಬಿಡದೆ ಓದುವ ಎಚ್ಚರಿಕೆ. ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ "ಜವಾಬ್ದಾರಿಯಿಂದ ಆಡಿ". ಟಿಕ್‌ಟಾಕ್ 2023ರಲ್ಲಿ, 18 ತುಂಬದವರಿಗೆ ದಿನಕ್ಕೆ 60 ನಿಮಿಷದ ಮಿತಿ ಇಡುತ್ತೇವೆಂದು ಸಾರಿತು. ಹದಿಹರೆಯದವರು ಒಂದು ಪಾಸ್‌ಕೋಡ್ ಒತ್ತಿ ಮುಂದುವರಿಯಬಹುದು, ಒತ್ತುವವರೂ ಅವರೇ. (ಮಕ್ಕಳನ್ನು ಎಳೆಯುವುದಿಲ್ಲ ಎಂದಿದ್ದೆ. ಉದಾಹರಣೆ ಬಿಡಲು ಮನಸ್ಸಾಗಲಿಲ್ಲ.) ಬೆರಳು ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ವಿಷಾದಪಟ್ಟರು. ವಿಷಾದದ ನಂತರವೂ ಪುಟ ಮುಗಿಯುವುದಿಲ್ಲ.

ನಾಟಕವೋ ನಿಜವೋ ಎಂದು ತಿಳಿಯಲು ನಾನೊಂದು ಒರಟು ಉಪಾಯ ಇಟ್ಟುಕೊಂಡಿದ್ದೇನೆ. ಒಳಗೆ ಹೋಗಲು ಎಷ್ಟು ಹೆಜ್ಜೆ, ಹೊರಬರಲು ಎಷ್ಟು ಹೆಜ್ಜೆ ಎಂದು ಎಣಿಸುವುದು. ನಮ್ಮ ಆಟದಲ್ಲಿ ನಾಣ್ಯ ಕೊಳ್ಳಲು ಒಂದು ಒತ್ತು ಸಾಕಾಗಿತ್ತು. ಖಾತೆ ಮುಚ್ಚಲು ಏಳು ಪರದೆಗಳನ್ನು ದಾಟಬೇಕಿತ್ತು. ನಾಲ್ಕನೆಯದರಲ್ಲಿ ಆಟದ ನಾಯಿಮರಿ ಕಣ್ಣೀರು ಹಾಕುತ್ತಿತ್ತು. ಐದನೆಯದರಲ್ಲಿ "ಇರುತ್ತೇನೆ" ಎಂಬುದು ದೊಡ್ಡ ಹಸಿರು ಗುಂಡಿ, "ಹೋಗುತ್ತೇನೆ" ಎಂಬುದು ಅದರ ಕೆಳಗೆ ಕಣ್ಣು ಕಿರಿದು ಮಾಡಿ ಹುಡುಕಬೇಕಾದ ಅಕ್ಷರ. ಮಧ್ಯಾಹ್ನದ ಆ ಸಂದೇಶ ಬರೆದವರು ಬಹುಶಃ ನಾಯಿಮರಿಯನ್ನು ದಾಟಲಾಗದೆ ನೇರವಾಗಿ ನಮಗೇ ಬರೆದಿರಬೇಕು.

ಹಾಗಾದರೆ ಒಂದು ಕಂಪನಿ ಒಳ್ಳೆಯದಾಗಲು ಹೊರಟರೆ ಆಗುವುದಿಲ್ಲವೇ? ಆಗಬಹುದು. ಅಮೆರಿಕದ ಔಷಧ ಮಳಿಗೆಗಳ ದೊಡ್ಡ ಸಂಸ್ಥೆ ಸಿವಿಎಸ್ 2014ರಲ್ಲಿ ತನ್ನ ಎಲ್ಲ ಮಳಿಗೆಗಳಲ್ಲೂ ತಂಬಾಕು ಮಾರುವುದನ್ನು ನಿಲ್ಲಿಸಿತು. ಔಷಧ ಕೊಡುವ ಕೈಯಲ್ಲೇ ಸಿಗರೇಟೂ ಕೊಡುವುದು ಸರಿಯಲ್ಲ ಎಂಬ ಕಾರಣಕ್ಕೆ ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ವಹಿವಾಟು ಬಿಟ್ಟಿತು. ಮೆಚ್ಚುತ್ತೇನೆ. ಆದರೆ ಸಿಗರೇಟು ಅದರ ಮುಖ್ಯ ಸರಕಾಗಿರಲಿಲ್ಲ. ಚಟವೇ ಬಂಡವಾಳವಾಗಿರುವ ಕಡೆ ಒಬ್ಬರು ಮಾತ್ರ ಒಳ್ಳೆಯವರಾದರೆ, ಗ್ರಾಹಕರು ಪಕ್ಕದವರ ಬಳಿ ಹೋಗುತ್ತಾರೆ, ಒಳ್ಳೆಯವರು ಬಾಗಿಲು ಹಾಕುತ್ತಾರೆ.

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಹಳೆಯ ಪ್ರಯೋಗ. ಸ್ವೀಡನ್ನಿನ ಗೋಥೆನ್‌ಬರ್ಗ್ ಪಟ್ಟಣದಲ್ಲಿ 1865ರಲ್ಲಿ ಕಡು ಮದ್ಯದ ಪರವಾನಗಿಗಳನ್ನು ಒಂದೇ ಸಂಸ್ಥೆಗೆ ಒಪ್ಪಿಸಿದರು. ಬಂಡವಾಳ ಹಾಕಿದವರಿಗೆ ಮಿತವಾದ ಬಡ್ಡಿ, ಉಳಿದ ಲಾಭವೆಲ್ಲ ಊರಿಗೆ. ಅದಕ್ಕಿಂತ ಚೆಂದದ ಭಾಗ ಮುಂದಿದೆ. ಕಡು ಮದ್ಯದ ಮಾರಾಟದಿಂದ ಪಾನಗೃಹದ ಮ್ಯಾನೇಜರಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ, ಊಟ ಮಾರಿದರೆ ಅದರ ಲಾಭ ಅವರದು. ಅಂದರೆ ಎದುರಿಗೆ ಕೂತವರು ಇನ್ನೊಂದು ಲೋಟ ಕೇಳಿದಾಗ ಕೊಡಲೇಬೇಕೆಂಬ ಆತುರ ಅವರಿಗಿರಲಿಲ್ಲ. ಮ್ಯಾನೇಜರ್ ಸಜ್ಜನರಾಗಿರಬೇಕಾದ ಅಗತ್ಯವೇ ಇಲ್ಲದ ಏರ್ಪಾಡು ಇದು. ಸಂಬಳ ಬರುವ ದಿಕ್ಕನ್ನು ಬದಲಿಸಿದರು, ಅಷ್ಟೇ. ಇದೂ ಪೂರ್ತಿ ಸುಖಾಂತವಾಗಲಿಲ್ಲ. ಕಾಲ ಕಳೆದಂತೆ ಪುರಸಭೆಗೇ ಆ ಆದಾಯದ ರುಚಿ ಹತ್ತಿತು ಎಂಬ ದೂರು ಎದ್ದಿತು. ಚಟ ಮನುಷ್ಯರಿಗೆ ಮಾತ್ರ ಹತ್ತುವಂಥದ್ದಲ್ಲ. ಆದರೂ ನಾರ್ವೆಯಂಥ ದೇಶ 2007ರಲ್ಲಿ ಖಾಸಗಿ ಜೂಜು ಯಂತ್ರಗಳನ್ನೆಲ್ಲ ತೆಗೆಸಿ, 2009ರಿಂದ ಸರ್ಕಾರಿ ಸಂಸ್ಥೆಯ ಮೂಲಕ, ಕಳೆದುಕೊಳ್ಳುವ ಮೊತ್ತಕ್ಕೆ ಕಡ್ಡಾಯ ಮಿತಿ ಇರುವ ಯಂತ್ರಗಳನ್ನು ತಂದಾಗ ಅದರ ಹಿಂದೆ ಇದೇ ಹಳೆಯ ಎಣಿಕೆ ಇದ್ದಂತೆ ನನಗೆ ಕಾಣುತ್ತದೆ.

ನನ್ನ ಸಂಬಳದ ದಿಕ್ಕು ಯಾವುದಿತ್ತು ಎಂಬುದನ್ನೂ ಹೇಳಬೇಕು. ಕೆಂಪು ಬಾಣಗಳಲ್ಲಿ ಎಷ್ಟು ಶೇಕಡಾ ಹಸಿರಾದವು ಎಂಬುದರ ಮೇಲೆ ನಮ್ಮ ಗುಂಪಿನ ಬೋನಸ್ ನಿಂತಿತ್ತು.

ಹನ್ನೊಂದನೆಯ ರಾತ್ರಿಯ ಮೂರು ಸಂದೇಶಗಳು ಮರುದಿನ ಬೆಳಗಿನ ಮೀಟಿಂಗಿಗೆ ಬಂದವು. ನಾನು ಒಂದು ಸಲಹೆ ಬರೆದುಕೊಂಡು ಹೋಗಿದ್ದೆ: ಮುಚ್ಚಿಸುವಾಗಲೇ "ಆರು ತಿಂಗಳು ತೆರೆಯಬೇಡಿ" ಎಂದು ಕೇಳುವ ಅವಕಾಶ ಕೊಡೋಣ, ಕೇಳಿದವರಿಗೆ ಮಾತ್ರ. ನಮ್ಮ ಮೇಲಿನವರು ಕೆಟ್ಟವರಲ್ಲ, ಕೆಳಗಿನವರ ಮನೆಯ ಕಷ್ಟಸುಖ ವಿಚಾರಿಸುವವರು. ಕಾಗದ ಓದಿ ಕನ್ನಡಕ ತೆಗೆದರು. "ಅವರು ವಯಸ್ಕರು. ಅವರ ಸ್ವಾತಂತ್ರ್ಯಕ್ಕೆ ಅಡ್ಡ ಬರಲು ನಾವು ಯಾರು? ಅವರ ಅಪ್ಪ ಅಮ್ಮನೇ?" ಎಂದರು. ಕೋಣೆಯಲ್ಲಿ ಒಂದಿಬ್ಬರು ತಲೆಯಾಡಿಸಿದರು. ಏಳು ಪರದೆಗಳನ್ನು ಮಂಜೂರು ಮಾಡಿದ ಮೀಟಿಂಗಿನಲ್ಲೂ ನಾವೇ ಇದ್ದೆವು, ಅದೇ ಕುರ್ಚಿಗಳಲ್ಲಿ. ಅವತ್ತು ಸ್ವಾತಂತ್ರ್ಯ ಎಂಬ ಪದ ಯಾರ ಬಾಯಲ್ಲೂ ಬಂದಿರಲಿಲ್ಲ. ಇದನ್ನು ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ಅವತ್ತೇ ಖಾತೆ ತೆರೆದೆವು. ತಡವಾದದ್ದಕ್ಕೆ ಕ್ಷಮೆ ಕೇಳಿ ಐನೂರು ನಾಣ್ಯಗಳನ್ನು ಉಚಿತವಾಗಿ ಹಾಕಿದೆವು. ಕ್ಷಮಾಪಣೆಯ ಒಕ್ಕಣೆ ನನ್ನದೇ. ಮರುದಿನ ಬೆಳಿಗ್ಗೆ ಪಟ್ಟಿ ತೆಗೆದಾಗ ಆ ಸಂಖ್ಯೆ ತಿಮಿಂಗಿಲಗಳ ಹಾಳೆಯಲ್ಲಿ ತನ್ನ ಹಳೆಯ ಜಾಗದಲ್ಲಿತ್ತು. ಖರೀದಿಗಳ ನಡುವಿನ ಅಂತರ ಮೂರು ನಿಮಿಷ, ಎರಡು ನಿಮಿಷ, ಮತ್ತೆ ಎರಡು ನಿಮಿಷ. ಪಕ್ಕದಲ್ಲಿ ಹಸಿರು ಬಾಣ. ಆ ತ್ರೈಮಾಸಿಕದ ಬೋನಸ್ ಎಂದಿನಂತೆ ಬಂತು. ತೆಗೆದುಕೊಂಡೆ.